ಕರೆಂಟ್ ಕುಣಿದಾಗ ಲೆವೆಲ್ ಶಿಫ್ಟರ್ ಯಾಕೆ ಕೈಕೊಡುತ್ತದೆ?

ಓದುಗರ ಪ್ರಶ್ನೆ: ಸರ್, ನಮ್ಮದು ಚನ್ನಗಿರಿ ಹತ್ತಿರ ಅಡಿಕೆ ತೋಟ. 7.5 ಎಚ್‌ಪಿ ಬೋರ್‌ವೆಲ್ ಮೋಟರಿಗೆ ನಾನೇ ಒಂದು ಆಟೋಮ್ಯಾಟಿಕ್ ಕಂಟ್ರೋಲರ್ ಮಾಡಿದ್ದೇನೆ. ಇಎಸ್‌ಪಿ32 ಬೋರ್ಡು (ವೈಫೈ ಇರುವ ಪುಟ್ಟ ಕಂಪ್ಯೂಟರ್), ಎರಡು ರಿಲೇ (ಸಣ್ಣ ಕರೆಂಟಿನಲ್ಲಿ ನಡೆಯುವ ಸ್ವಿಚ್ಚು) ಇರುವ ಬೋರ್ಡು, ಎರಡೇ ಡೇಟಾ ವೈರಿನಲ್ಲಿ ನಡೆಯುವ ಐ2ಸಿ ಎಲ್‌ಸಿಡಿ, ತೊಟ್ಟಿಯ ನೀರು ಅಳೆಯೋಕೆ ಉದ್ದ ವೈರಿನಲ್ಲಿ ಡೇಟಾ ಕಳಿಸುವ ಆರ್‌ಎಸ್485 ಸೆನ್ಸರು. ಇಎಸ್‌ಪಿ32 3.3 ವೋಲ್ಟಿನದು, ಉಳಿದದ್ದೆಲ್ಲ 5 ವೋಲ್ಟ್. ಒಂದು ವೋಲ್ಟೇಜಿನ ಸಿಗ್ನಲ್ಲನ್ನು ಇನ್ನೊಂದಕ್ಕೆ ಹೊಂದಿಸೋಕೆ ಮಧ್ಯೆ ಬಿಎಸ್‌ಎಸ್138 ಮಾಸ್‌ಫೆಟ್ (ಒಂದು ಥರದ ಟ್ರಾನ್ಸಿಸ್ಟರ್) ಇರುವ ನಾಲ್ಕು ಚಾನೆಲ್ಲಿನ ಲೆವೆಲ್ ಶಿಫ್ಟರ್ ಎರಡು ಹಾಕಿದ್ದೇನೆ. ಕರೆಂಟ್ ಹೋದರೆ ಮೊಬೈಲಿಗೆ ಮೆಸೇಜ್ ಬರಲಿ ಅಂತ ಇಎಸ್‌ಪಿ32ಗೆ ಮಾತ್ರ 18650 ಬ್ಯಾಟರಿ ಕೊಟ್ಟಿದ್ದೇನೆ. 5 ವೋಲ್ಟಿಗೆ ಒಂದು ಹಳೇ ಮೊಬೈಲ್ ಚಾರ್ಜರ್. ಮನೆಯಲ್ಲಿ ಟೇಬಲ್ ಮೇಲೆ ಒಂದು ವಾರ ಓಡಿತು, ಏನೂ ತೊಂದರೆ ಇಲ್ಲ. ತೋಟದಲ್ಲಿ ಹಾಕಿದ ಮೇಲೆ ಕಾಟ ಶುರು. ಮೋಟರ್ ಎತ್ತಿಕೊಳ್ಳುವಾಗ ಟಕಟಕ ಅಂತ ಬಡಿದುಕೊಳ್ಳುತ್ತೆ. ಎಲ್‌ಸಿಡಿ ಮೇಲೆ ಏನೇನೋ ಅಕ್ಷರ ಬರುತ್ತೆ. ಕರೆಂಟ್ ಹೋಗಿ ಬಂದರೆ ಕೆಲವು ಸಲ ಪೂರ್ತಿ ಹ್ಯಾಂಗ್, ರೀಸೆಟ್ ಒತ್ತಲೇಬೇಕು. 415 ಇರಬೇಕಾದ ಲೈನ್ ವೋಲ್ಟೇಜ್ ಒಮ್ಮೊಮ್ಮೆ 320ಕ್ಕೆ ಇಳಿಯುತ್ತೆ. ಅಂಗಡಿಯವರು ಸ್ಟೆಬಿಲೈಸರ್ ಹಾಕಿ ಅಂದರು. ಗೆಳೆಯ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಸಾಕು ಅಂತಾನೆ. ಇನ್ನೊಬ್ಬರು ಆ ಮಾಡ್ಯೂಲ್ ಬಿಸಾಕಿ ಟಿಎಕ್ಸ್‌ಎಸ್0108ಇ ಅನ್ನೋ ಬೇರೆ ಲೆವೆಲ್ ಶಿಫ್ಟರ್ ಚಿಪ್ಪು ಹಾಕು ಅಂದರು. ನನಗೆ ಎಲ್ಲಾ ಲೆವೆಲ್ ಶಿಫ್ಟರಿನದೇ ತಪ್ಪು ಅನ್ನಿಸುತ್ತೆ. ಯಾರ ಮಾತು ಕೇಳಲಿ? ಇನ್ನೊಂದು ವಿಚಿತ್ರ ಇದೆ. ಕರೆಂಟ್ ಇಲ್ಲದಾಗಲೂ ಆರ್‌ಎಸ್485 ಬೋರ್ಡಿನ ಕೆಂಪು ಲೈಟು ಮಂಕಾಗಿ ಉರಿಯುತ್ತಲೇ ಇರುತ್ತೆ.

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಉಪಯೋಗವಾದದ್ದು ಆ ಕೊನೆಯ ಸಾಲು. ಕೆಂಪು ಲೈಟಿನದು. ನೀವು ಅದನ್ನು ವಿಚಿತ್ರ ಅಂತ ಬರೆದು ಬಿಟ್ಟಿದ್ದೀರಿ. ಅರ್ಧ ಉತ್ತರ ಅಲ್ಲೇ ಇದೆ. ಸ್ವಲ್ಪ ಹೊತ್ತಿನಲ್ಲಿ ಅದಕ್ಕೆ ಬರುತ್ತೇನೆ.

ಮೊದಲು ನಿಮ್ಮ ಕಾಟಗಳನ್ನು ಬೇರೆ ಬೇರೆ ಮಾಡಿ ಇಡೋಣ. ನೀವು ನಾಲ್ಕನ್ನೂ ಒಂದೇ ಕಟ್ಟು ಕಟ್ಟಿ ಲೆವೆಲ್ ಶಿಫ್ಟರ್ ತಲೆಗೆ ಹೊರಿಸಿದ್ದೀರಿ. ನನ್ನ ಲೆಕ್ಕದಲ್ಲಿ ಆ ಟಕಟಕಕ್ಕೂ ಶಿಫ್ಟರಿಗೂ ಸಂಬಂಧವೇ ಇಲ್ಲ. ಎಲ್‌ಸಿಡಿ ಕಸಕ್ಕೆ ಸಂಬಂಧ ಬಹಳ ಕಮ್ಮಿ. ಹ್ಯಾಂಗ್ ಮತ್ತು ಕೆಂಪು ಲೈಟು ಮಾತ್ರ ಅದರ ಮೂಲಕ ಆಗುತ್ತಿವೆ. ಅದಕ್ಕೂ ಕಾರಣ ನೀವು ಎರಡು ಕಡೆಗೆ ಸಪ್ಲೈ ಕೊಟ್ಟ ರೀತಿ.

ಟಕಟಕ ಸದ್ದು ಎಲ್ಲಿಂದ ಬರುತ್ತಿದೆ, ಸರಿಯಾಗಿ ಕಿವಿಗೊಟ್ಟು ಕೇಳಿದ್ದೀರಾ? ಸಣ್ಣ ನೀಲಿ ರಿಲೇ ಬಡಿದರೆ ಇಲಿ ಕಡಿದಂಥ ಸದ್ದು. ಸ್ಟಾರ್ಟರ್ ಒಳಗಿನ ಕಾಂಟ್ಯಾಕ್ಟರ್, ಅಂದರೆ ಮೋಟರಿಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್ಚು ಬಡಿದರೆ ಪೆಟ್ಟಿಗೆಯೇ ಅದುರುತ್ತದೆ. ಎರಡಕ್ಕೂ ಕಾರಣ ಬೇರೆ.

ಕಾಂಟ್ಯಾಕ್ಟರ್ ಕಾಯಿಲ್ ತನ್ನ ಮಾರ್ಕಿನ 85 ಪರ್ಸೆಂಟ್ ವೋಲ್ಟೇಜ್ ಇದ್ದರೆ ಗ್ಯಾರಂಟಿ ಎಳೆದುಕೊಳ್ಳಬೇಕು ಅಂತ ಸ್ಟ್ಯಾಂಡರ್ಡ್ ಹೇಳುತ್ತದೆ. 415ಕ್ಕೆ ಲೆಕ್ಕ ಹಾಕಿ, ಸುಮಾರು 353 ವೋಲ್ಟ್. ನಿಮ್ಮಲ್ಲಿ ಇರುವುದೇ 320. ಅದೂ ಮೋಟರ್ ಎತ್ತಿಕೊಳ್ಳುವ ಮೊದಲು. ನೇರ ಸ್ಟಾರ್ಟ್ ಆಗುವ ಮೋಟರ್ ಏಳುವಾಗ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಆಗ ವೋಲ್ಟೇಜ್ ಇನ್ನೂ ಕುಸಿಯುತ್ತದೆ, ಕಾಂಟ್ಯಾಕ್ಟರ್ ಬಿಟ್ಟುಕೊಳ್ಳುತ್ತದೆ. ಬಿಟ್ಟ ಕೂಡಲೇ ಲೋಡ್ ಹೋಯಿತು, ವೋಲ್ಟೇಜ್ ಮೇಲೆ ಬಂತು, ಮತ್ತೆ ಎಳೆದುಕೊಂಡಿತು. ಇದು ನಡೆಯೋಕೆ ನಿಮ್ಮ ಕಂಟ್ರೋಲರೇ ಬೇಕಿಲ್ಲ. ಕೈಯಲ್ಲಿ ಹಸಿರು ಬಟನ್ ಒತ್ತಿದರೂ ಆಗುತ್ತದೆ. ಒಂದು ಸಲ ಒತ್ತಿ ನೋಡಿ, ಗೊತ್ತಾಗುತ್ತದೆ.

ಸಣ್ಣ ರಿಲೇ ಬಡಿದುಕೊಳ್ಳುತ್ತಿದ್ದರೆ ಕಥೆ ಇನ್ನೂ ಚೆನ್ನಾಗಿದೆ. ಆ ನೀಲಿ 5 ವೋಲ್ಟ್ ರಿಲೇ ಎಳೆದುಕೊಳ್ಳೋಕೆ 3.75 ವೋಲ್ಟ್ ಬೇಕು. ಆದರೆ ಒಮ್ಮೆ ಹಿಡಿದುಕೊಂಡರೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಸಪ್ಲೈ ಸುಮಾರು 4 ವೋಲ್ಟಿಗೆ ಇಳಿಯಿತು ಅಂದ ಮಾತ್ರಕ್ಕೆ ಕಾಯಿಲ್ ಬಿಡಬಾರದು. ಹಾಗಾದರೆ ಬಿಡುತ್ತಿರುವುದು ಯಾರು? ಬೋರ್ಡಿನ ಮೇಲಿರುವ, ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಆಪ್ಟೋಕಪ್ಲರ್. ಅದರ ಒಳಗಿನ ಎಲ್‌ಇಡಿಗೆ 1.2 ವೋಲ್ಟ್, ಅದರ ಸಾಲಿನಲ್ಲೇ ಇರುವ ಇಂಡಿಕೇಟರ್ ಎಲ್‌ಇಡಿಗೆ 1.8 ವೋಲ್ಟ್. ಎರಡೂ ಸೇರಿ 3 ವೋಲ್ಟ್ ಅಲ್ಲೇ ಖರ್ಚು. 5 ವೋಲ್ಟ್ ಇದ್ದಾಗ ಉಳಿಯುವುದು 2 ವೋಲ್ಟ್, 1ಕೆ ರೆಸಿಸ್ಟರ್ ಮೂಲಕ 2 ಮಿಲಿಆಂಪ್. 4 ವೋಲ್ಟಿಗೆ ಇಳಿದರೆ ಅದರ ಅರ್ಧ. 3.5ಕ್ಕೆ ಇಳಿದರೆ ಕಾಲು ಭಾಗ. ಅಷ್ಟರಲ್ಲಿ 70 ಮಿಲಿಆಂಪ್ ಎಳೆಯುವ ಕಾಯಿಲ್ಲನ್ನು ನಡೆಸುವ ಟ್ರಾನ್ಸಿಸ್ಟರ್ ಪೂರ್ತಿ ಆನ್ ಆಗಿರುವುದಿಲ್ಲ. ಕಾಯಿಲ್ ಬಿಡುತ್ತದೆ. ಈಗ ಸರಪಳಿ ನೋಡಿ. ರಿಲೇ ಬಿಟ್ಟಿತು, ಕಾಂಟ್ಯಾಕ್ಟರ್ ಬಿಟ್ಟಿತು, ಮೋಟರ್ ನಿಂತಿತು, ಲೈನ್ ಏರಿತು, ಚಾರ್ಜರ್ ಚೇತರಿಸಿಕೊಂಡಿತು, ರಿಲೇ ಮತ್ತೆ ಎಳೆಯಿತು, ಮೋಟರ್ ಮತ್ತೆ ಎದ್ದಿತು, ಲೈನ್ ಮತ್ತೆ ಕುಸಿಯಿತು. ನಾಲ್ಕು ಸುತ್ತು ಹೀಗೆ ತಿರುಗಿದರೆ ಕಾಂಟ್ಯಾಕ್ಟ್ ಪಾಯಿಂಟುಗಳು ಕರಕಲು.

ಇದಕ್ಕೆ ಔಷಧಿ ಪ್ರೋಗ್ರಾಮಿನಲ್ಲಿದೆ. ಒಮ್ಮೆ ಬಿಟ್ಟ ರಿಲೇ ಎರಡು ಮೂರು ನಿಮಿಷ ಮತ್ತೆ ಎಳೆಯಬಾರದು. ಕರೆಂಟ್ ಬಂದ ಕೂಡಲೇ ಮೋಟರ್ ಹಾಕಲೂ ಬಾರದು. ನಿಮಗೇ ಗೊತ್ತಿರುತ್ತದೆ, ತ್ರೀ ಫೇಸ್ ಬಂದ ಕ್ಷಣ ಆ ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲಿರುವ ಎಲ್ಲರ ಆಟೋ ಸ್ಟಾರ್ಟರುಗಳೂ ಒಟ್ಟಿಗೆ ಏಳುತ್ತವೆ. ಆ ಗಲಾಟೆ ಮುಗಿಯುವ ತನಕ ಕಾಯಿರಿ. ಎಷ್ಟು ನಿಮಿಷ ಅನ್ನುವುದನ್ನು ದಿನಾ ಸ್ವಲ್ಪ ಹಿಂದೆ ಮುಂದೆ ಮಾಡಿ. ಪಕ್ಕದ ತೋಟದವರೂ ನಿಮ್ಮ ಹಾಗೇ ಐದು ನಿಮಿಷ ಅಂತ ಇಟ್ಟುಕೊಂಡಿರಬಹುದು ಅಲ್ವಾ?

ಇನ್ನು ಎಲ್‌ಸಿಡಿ. ಅದರ ಒಳಗಿನ ಎಚ್‌ಡಿ44780 ಥರದ ಚಿಪ್ಪು ನಾಲ್ಕು ನಾಲ್ಕು ಬಿಟ್ಟುಗಳಂತೆ ಡೇಟಾ ತೆಗೆದುಕೊಳ್ಳುತ್ತದೆ. ಎರಡು ತುತ್ತು ಸೇರಿ ಒಂದು ಅಕ್ಷರ. ವೋಲ್ಟೇಜ್ ಕುಸಿದಾಗ ಒಂದು ತುತ್ತು ತಪ್ಪಿತೋ, ಆಮೇಲೆ ಬರುವುದೆಲ್ಲ ಅರ್ಧ ಹೆಜ್ಜೆ ಆಚೀಚೆ. ಹಿಂದಿನ ಅಕ್ಷರದ ಕೊನೆಯ ಅರ್ಧ, ಮುಂದಿನದರ ಮೊದಲ ಅರ್ಧ ಸೇರಿ ಹೊಸ ಲಿಪಿಯೇ ಹುಟ್ಟುತ್ತದೆ. ಚಿಪ್ಪಿಗೆ ಏನೂ ಆಗಿಲ್ಲ. 5 ವೋಲ್ಟ್ ಸರಿಹೋದ ಮೇಲೆ ಎಲ್‌ಸಿಡಿಯನ್ನು ಮೊದಲಿನಿಂದ ಇನಿಶಿಯಲೈಸ್ ಮಾಡಿ, ಅಷ್ಟೇ. ಹತ್ತು ನಿಮಿಷಕ್ಕೊಮ್ಮೆ ಸುಮ್ನೆ ಮಾಡಿಟ್ಟರೂ ನಷ್ಟವಿಲ್ಲ.

ಈಗ ಕೆಂಪು ಲೈಟು.

ನಿಮ್ಮ ಮಾಡ್ಯೂಲ್ ಕೈಯಲ್ಲಿ ಹಿಡಿದು ನೋಡಿ. ಪ್ರತಿ ಚಾನೆಲ್ಲಿಗೆ ಒಂದೇ ಒಂದು ಮಾಸ್‌ಫೆಟ್, ಎರಡು 10ಕೆ ರೆಸಿಸ್ಟರ್. ಒಂದು ರೆಸಿಸ್ಟರ್ ಈ ಕಡೆಯ ವೈರನ್ನು 3.3ಕ್ಕೆ ಎತ್ತಿ ಹಿಡಿಯುತ್ತದೆ, ಇನ್ನೊಂದು ಆ ಕಡೆಯದನ್ನು 5ಕ್ಕೆ. ಮಾಸ್‌ಫೆಟ್ಟಿನ ಗೇಟು 3.3ಕ್ಕೆ ಕಟ್ಟಿದೆ. ಯಾರಾದರೂ ಒಂದು ಕಡೆ ಕೆಳಗೆ ಎಳೆದರೆ ಇನ್ನೊಂದು ಕಡೆಯೂ ಕೆಳಗೆ ಬರುತ್ತದೆ, ಬಿಟ್ಟರೆ ಎರಡೂ ತಮ್ಮ ತಮ್ಮ ಎತ್ತರಕ್ಕೆ ಏರುತ್ತವೆ. 1990ರ ದಶಕದಲ್ಲಿ ಫಿಲಿಪ್ಸ್‌ನವರು ಐ2ಸಿಗಾಗಿ ಬರೆದುಕೊಟ್ಟ ಸರ್ಕ್ಯೂಟ್ ಇದು. ಬಹಳ ಜಾಣತನದ್ದು. ನಾನು ಇವತ್ತಿಗೂ ಬಳಸುತ್ತೇನೆ. ಆದರೆ ಅದಕ್ಕೆ ಒಂದು ಷರತ್ತಿದೆ. ಆ ಕಡೆಯ ವೋಲ್ಟೇಜ್ ಯಾವಾಗಲೂ ಈ ಕಡೆಯದಕ್ಕಿಂತ ಮೇಲಿರಬೇಕು.

ಕರೆಂಟ್ ಹೋದಾಗ ನಿಮ್ಮಲ್ಲಿ ಈ ಷರತ್ತು ಮುರಿಯುತ್ತದೆ. ಬ್ಯಾಟರಿ ಇರುವುದರಿಂದ 3.3 ಗಟ್ಟಿಯಾಗಿ ನಿಂತಿದೆ. 5 ವೋಲ್ಟ್ ಸತ್ತುಹೋಗಿದೆ. ಮಾಸ್‌ಫೆಟ್ ಒಳಗೆ ಹುಟ್ಟಿನಿಂದಲೇ ಒಂದು ಡಯೋಡ್ ಇರುತ್ತದೆ, ಅದರ ಬಾಣ 3.3 ಕಡೆಯಿಂದ 5ರ ಕಡೆಗೆ. ಸಾಮಾನ್ಯ ದಿನಗಳಲ್ಲಿ ಅದು ಉಲ್ಟಾ ಇದ್ದು ಸುಮ್ಮನಿರುತ್ತದೆ. ಈಗ ಅದಕ್ಕೆ ದಾರಿ ತೆರೆಯಿತು. ಇಎಸ್‌ಪಿ32ರಿಂದ ಆರ್‌ಎಸ್485 ಬೋರ್ಡಿಗೆ ಡೇಟಾ ಕಳಿಸುವ ಟಿಎಕ್ಸ್ ವೈರ್ ಕೆಲಸವಿಲ್ಲದಾಗ ಮೇಲೆ, ಅಂದರೆ 3.3 ವೋಲ್ಟಿನಲ್ಲಿ ನಿಂತಿರುತ್ತದೆ. ಅಲ್ಲಿಂದ ಹೊರಟ ಕರೆಂಟು ಮಾಸ್‌ಫೆಟ್ಟಿನ ಡಯೋಡ್ ದಾಟಿತು, 0.6 ವೋಲ್ಟ್ ಕಳೆಯಿತು. ಆರ್‌ಎಸ್485 ಚಿಪ್ಪಿನ ಇನ್‌ಪುಟ್ಟಿನಲ್ಲಿರುವ ಪ್ರೊಟೆಕ್ಷನ್ ಡಯೋಡ್ ದಾಟಿ ಸತ್ತ 5 ವೋಲ್ಟ್ ಲೈನಿಗೆ ಸೇರಿತು, ಇನ್ನೊಂದು 0.6 ಕಳೆಯಿತು. ಉಳಿದದ್ದು ಸುಮಾರು 2.1 ವೋಲ್ಟ್. ಕೆಂಪು ಎಲ್‌ಇಡಿ ಮಂಕಾಗಿ ಉರಿಯೋಕೆ 1.8 ಸಾಕು. ನಿಮ್ಮ ಬೋರ್ಡು ಸಪ್ಲೈ ಪಿನ್ನಿನಿಂದ ಊಟ ಮಾಡುತ್ತಿಲ್ಲ, ಡೇಟಾ ವೈರಿನಿಂದ ಕದ್ದು ತಿನ್ನುತ್ತಿದೆ.

ಲೈಟು ಉರಿದರೆ ಉರಿಯಲಿ, ಅದರಿಂದೇನು ಅಂತ ಕೇಳಬಹುದು. ತೊಂದರೆ ಇರುವುದು ಇಲ್ಲಿ. ಎಲ್‌ಸಿಡಿ ಹಿಂದೆ ಐ2ಸಿ ಡೇಟಾ ತೆಗೆದುಕೊಳ್ಳುವ ಪಿಸಿಎಫ್8574 ಚಿಪ್ಪು ತನ್ನಷ್ಟಕ್ಕೆ ರೀಸೆಟ್ ಆಗಬೇಕಾದರೆ ಅದರ ಸಪ್ಲೈ ಸಾಕಷ್ಟು ಕೆಳಗೆ ಇಳಿದು ಮತ್ತೆ ಏರಬೇಕು. 2 ವೋಲ್ಟಿನ ಆಸುಪಾಸಿನಲ್ಲೇ ತೇಲುತ್ತಿದ್ದರೆ ರೀಸೆಟ್ ಆಗಬಹುದು, ಆಗದೆಯೂ ಇರಬಹುದು. ಚಿಪ್ಪು ತ್ರಿಶಂಕು. ಕರೆಂಟ್ ಹೋದ ಕ್ಷಣ ಅದು ಯಾವುದೋ ಬೈಟಿನ ಮಧ್ಯದಲ್ಲಿ ಎಸ್‌ಡಿಎ ವೈರನ್ನು (ಐ2ಸಿಯ ಡೇಟಾ ವೈರು) ಕೆಳಗೆ ಹಿಡಿದಿದ್ದರೆ, 5 ವೋಲ್ಟ್ ವಾಪಸ್ ಬಂದ ಮೇಲೂ ಹಿಡಿದೇ ಇರುತ್ತದೆ. ಇತ್ತ ಕರೆಂಟ್ ಇಲ್ಲದ ಹೊತ್ತಿನಲ್ಲಿ ಐ2ಸಿ ವೈರಿನ ಗತಿ ನೋಡಿ. ಒಂದು 10ಕೆ ಮೇಲೆ 3.3ಕ್ಕೆ, ಇನ್ನೊಂದು 10ಕೆ ಕೆಳಗೆ ಸತ್ತ ಲೈನಿಗೆ. ಆ ಲೈನು ಪೂರ್ತಿ ಸೊನ್ನೆಗೆ ಇಳಿದರೆ ಎಳೆದಾಟದಲ್ಲಿ ವೈರು ಮಧ್ಯದಲ್ಲಿ, 1.65 ವೋಲ್ಟಿನ ಹತ್ತಿರ ನಿಲ್ಲುತ್ತದೆ. ಇಎಸ್‌ಪಿ32 ಲೆಕ್ಕದಲ್ಲಿ ಸುಮಾರು 0.8ಕ್ಕಿಂತ ಕೆಳಗಿದ್ದರೆ ಸೊನ್ನೆ, 2.5ಕ್ಕಿಂತ ಮೇಲಿದ್ದರೆ ಒಂದು. 1.65 ಯಾವುದೂ ಅಲ್ಲ. ಒಂದು ಓದಿಗೆ ಸೊನ್ನೆ, ಇನ್ನೊಂದು ಓದಿಗೆ ಒಂದು. ನಿಮ್ಮ ಪ್ರೋಗ್ರಾಮ್ ಐ2ಸಿ ವೈರು ಖಾಲಿಯಾಗಲಿ ಅಂತ ಕಾಯುತ್ತಾ ಕೂತುಬಿಡುತ್ತದೆ. ನೀವು ಅದಕ್ಕೆ ಹ್ಯಾಂಗ್ ಅನ್ನುತ್ತೀರಿ.

ಟೇಬಲ್ ಮೇಲೆ ಯಾಕೆ ಆಗಲಿಲ್ಲ ಅಂದರೆ, ಒಂದು ವಾರ ನೀವು ಪ್ಲಗ್ ಕಿತ್ತೇ ಇಲ್ಲ. ಕಿತ್ತಿದ್ದರೂ ಎರಡು ಕಡೆಯದನ್ನೂ ಒಟ್ಟಿಗೆ ಕಿತ್ತಿರುತ್ತೀರಿ.

ಹಾಗಾಗಿ ವೋಲ್ಟೇಜ್ ಏರಿಳಿಯುವುದು ಅಂದರೆ ಮೇನ್ಸ್ 230 ಇರುವುದು 185 ಆಯಿತು ಅಂತ ಮಾತ್ರ ಅಂದುಕೊಳ್ಳಬೇಡಿ. ಲೆವೆಲ್ ಶಿಫ್ಟರಿಗೆ ಅದು ಗೊತ್ತಾಗುವುದೇ ಇಲ್ಲ. ಅದು ಎರಡು ದೋಣಿಯಲ್ಲಿ ಒಂದೊಂದು ಕಾಲಿಟ್ಟು ನಿಂತ ಪ್ರಾಣಿ. ಎರಡೂ ದೋಣಿ ಒಟ್ಟಿಗೆ ಏರಿದರೆ, ಒಟ್ಟಿಗೆ ಇಳಿದರೆ ಹೇಗೋ ನಿಭಾಯಿಸುತ್ತದೆ. ಒಂದು ನಿಂತು ಒಂದು ಮುಳುಗಿದಾಗಲೇ ಕಷ್ಟ.

ಈಗ ನಿಮಗೆ ಸಿಕ್ಕ ಸಲಹೆಗಳನ್ನು ನೋಡೋಣ. ಸ್ಟೆಬಿಲೈಸರ್ ಬೇಡ. ಒಳ್ಳೆಯ 5 ವೋಲ್ಟ್ ಅಡಾಪ್ಟರಿನ ಮೇಲೆ 100ರಿಂದ 240 ವೋಲ್ಟ್ ಅಂತ ಬರೆದಿರುತ್ತದೆ. ನಿಮ್ಮ 320 ಅಂದರೆ ಒಂದು ಫೇಸಿಗೆ 185. ಅದರ ಪಾಲಿಗೆ ಅದು ಆರಾಮ. ಮೋಟರ್ ಎತ್ತಿಕೊಳ್ಳುವಾಗ ಕ್ಷಣಕಾಲ ಇನ್ನೂ ಇಳಿಯುತ್ತದಲ್ಲ, ಆಗ ಕಷ್ಟ. ಅಡಾಪ್ಟರ್ ಒಳಗಿನ ಕೆಪಾಸಿಟರಿನಲ್ಲಿ ಕೂಡಿಟ್ಟ ಶಕ್ತಿ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 230ರ ಬದಲು 185 ಇದ್ದರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಆಗಲೇ ಕಮ್ಮಿ. ಹಳೇ ಮೊಬೈಲ್ ಚಾರ್ಜರಿನಲ್ಲಿ ಆ ಕೆಪಾಸಿಟರ್ ಒಣಗಿ ಅರ್ಧ ಸತ್ತಿರುತ್ತದೆ. ಅದನ್ನು ಬದಲಾಯಿಸಿ, ಎರಡು ಆಂಪಿನ ಹೊಸ ಅಡಾಪ್ಟರ್ ಹಾಕಿ. ರಿಲೇ ಬಳಸುವ ಸ್ಟೆಬಿಲೈಸರ್ ಟ್ಯಾಪ್ ಬದಲಿಸುವಾಗ ತಾನೇ ಒಂದು ಕ್ಷಣ ಕರೆಂಟ್ ಕಡಿಯುತ್ತದೆ. ಇರುವ ರೋಗಕ್ಕೆ ಇನ್ನೊಂದು ಸೇರಿಸಿದ ಹಾಗೆ.

1000 ಮೈಕ್ರೋಫ್ಯಾರಡ್? ಲೆಕ್ಕ ಹಾಕಿ. ಎರಡು ರಿಲೇ, ಎಲ್‌ಸಿಡಿ ಎಲ್ಲ ಸೇರಿ ಸುಮಾರು 200 ಮಿಲಿಆಂಪ್. ಮೇನ್ಸಿನ ಒಂದು ಸೈಕಲ್ 20 ಮಿಲಿಸೆಕೆಂಡ್. ಅಷ್ಟು ಹೊತ್ತು ಆ ಕೆಪಾಸಿಟರ್ ಒಂದೇ ನಡೆಸಬೇಕಾದರೆ 4 ವೋಲ್ಟ್ ಇಳಿದುಹೋಗುತ್ತದೆ. 5ರಲ್ಲಿ ಉಳಿಯುವುದು 1. ಮೋಟರ್ ಏಳೋಕೆ ಅದಕ್ಕಿಂತ ಎಷ್ಟೋ ಜಾಸ್ತಿ ಹೊತ್ತು ಬೇಕು. ಆದರೆ ರಿಲೇ ಎಳೆಯುವ ಆ ಒಂದೆರಡು ಮಿಲಿಸೆಕೆಂಡಿನ ಜಗ್ಗಾಟಕ್ಕೆ ಅದು ಒಳ್ಳೆಯದು. ರಿಲೇ ಬೋರ್ಡಿನ ಪಕ್ಕದಲ್ಲೇ 470 ಮೈಕ್ರೋಫ್ಯಾರಡ್, ಲೆವೆಲ್ ಶಿಫ್ಟರಿನ ಎರಡೂ ಸಪ್ಲೈ ಪಿನ್ನಿಗೆ ಒತ್ತಿಕೊಂಡು 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಹಾಕಿ. ಆ ಸಣ್ಣದು ದೊಡ್ಡದಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ. ಜನ ಅದನ್ನೇ ಮರೆಯುತ್ತಾರೆ.

ಟಿಎಕ್ಸ್‌ಎಸ್0108ಇ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಚಿಪ್ಪು ಒಳ್ಳೆಯದೇ. ಆದರೆ ಅದಕ್ಕೂ ನಿಯಮ ಅದೇ, ಕೆಲಸ ಮಾಡುವಾಗ ಎ ಕಡೆಯ (ನಿಮ್ಮಲ್ಲಿ 3.3) ಸಪ್ಲೈ ಬಿ ಕಡೆಯದಕ್ಕಿಂತ (ನಿಮ್ಮಲ್ಲಿ 5) ಮೇಲೆ ಹೋಗಬಾರದು. ಏರುವಾಗ ಇಳಿಯುವಾಗ ಉಲ್ಟಾ ಆದರೆ ಚಿಪ್ಪು ಸುಡುವುದಿಲ್ಲ, ಅಷ್ಟರ ಮಟ್ಟಿಗೆ ಗಟ್ಟಿ. ಅದರ ನಿಜವಾದ ಲಾಭ ಇರುವುದು ಓಇ, ಅಂದರೆ ಔಟ್‌ಪುಟ್ ಎನೇಬಲ್ ಪಿನ್ನಿನಲ್ಲಿ. ಅದನ್ನು ಕೆಳಗೆ ಎಳೆದರೆ ಎರಡು ಕಡೆಯೂ ಕೈಬಿಟ್ಟು ಬೇರೆಯಾಗುತ್ತವೆ. ಆ ಪಿನ್ನನ್ನು ನೇರ 3.3ಕ್ಕೆ ಕಟ್ಟಿದರೆ ಈ ಲಾಭ ಸಿಗುವುದೇ ಇಲ್ಲ. ನಿಮ್ಮ ಕೈಗೆ ಬರುವ ಮಾಡ್ಯೂಲಿನಲ್ಲಿ ಅದು ಎಲ್ಲಿಗೆ ಹೋಗಿದೆ ಅಂತ ಮೀಟರ್ ಇಟ್ಟು ನೋಡಿಯೇ ಪವರ್ ಕೊಡಿ.

ಓಇಯನ್ನು ನಡೆಸೋಕೆ ಮ್ಯಾಕ್ಸ್809 ಅಂತ ಮೂರು ಕಾಲಿನ ಸಣ್ಣ ಚಿಪ್ಪು ಸಿಗುತ್ತದೆ. ಅದು 5 ವೋಲ್ಟ್ ಲೈನನ್ನು ಕಾಯುತ್ತದೆ. ಎಂ ಮಾದರಿ ತೆಗೆದುಕೊಂಡರೆ 4.38ಕ್ಕಿಂತ ಕೆಳಗಿಳಿದ ಕೂಡಲೇ ಔಟ್‌ಪುಟ್ ಕೆಳಗೆ ಎಳೆಯುತ್ತದೆ, ಸರಿಹೋದ ಮೇಲೂ ಕನಿಷ್ಠ 140 ಮಿಲಿಸೆಕೆಂಡ್ ಹಿಡಿದೇ ಇರುತ್ತದೆ. ಇಲ್ಲಿ ಒಂದು ಗುಂಡಿ ಇದೆ, ನಾನೇ ಬಿದ್ದಿದ್ದೇನೆ. ಇದರ ತಮ್ಮ ಮ್ಯಾಕ್ಸ್803 ಓಪನ್ ಡ್ರೈನ್, ಅಂದರೆ ಕೆಳಗೆ ಎಳೆಯಬಲ್ಲದು, ತಾನಾಗಿ ಮೇಲೆತ್ತಲಾರದು. ಅದನ್ನು ಹಾಕಿ 3.3ಕ್ಕೆ ಪುಲ್‌ಅಪ್ (ಮೇಲೆತ್ತುವ ರೆಸಿಸ್ಟರ್) ಕೊಟ್ಟೆ. ಅಚ್ಚುಕಟ್ಟಾಗಿ ಕಂಡಿತು. ಆದರೆ 5 ವೋಲ್ಟ್ ಪೂರ್ತಿ ಸತ್ತಾಗ ಆ ಚಿಪ್ಪಿಗೇ ಜೀವ ಇಲ್ಲ, ಅದು ಕೈಬಿಡುತ್ತದೆ, ಪುಲ್‌ಅಪ್ ಓಇಯನ್ನು ಮೇಲೆತ್ತುತ್ತದೆ. ಯಾವಾಗ ಬಾಗಿಲು ಹಾಕಿರಬೇಕೋ ಆಗಲೇ ತೆರೆದುಕೊಂಡಿತು. ಮ್ಯಾಕ್ಸ್809 ಹಾಕಿ, ಅದರ ಔಟ್‌ಪುಟ್ಟಿನಿಂದ ಗ್ರೌಂಡಿಗೆ ಒಂದು 100ಕೆ ರೆಸಿಸ್ಟರ್ ಕೊಡಿ. ಓಇ ಪಿನ್ನು 5.5 ವೋಲ್ಟ್ ತನಕ ತಡೆಯುತ್ತದೆ, ಹಾಗಾಗಿ 5 ಬಂದರೂ ಭಯವಿಲ್ಲ.

ಇದರ ಅಪಾಯವನ್ನೂ ಹೇಳಿಬಿಡುತ್ತೇನೆ. ಟಿಎಕ್ಸ್‌ಎಸ್ ಜಾತಿಯ ಚಿಪ್ಪುಗಳು ಸಿಗ್ನಲ್ ಏರುವುದನ್ನು ಕಂಡರೆ ತಾವೇ ಒಂದು ಕ್ಷಣ ಜೋರಾಗಿ ತಳ್ಳುತ್ತವೆ. ಬೋರ್ಡಿನ ಮೇಲೆ ಅದು ವರ. ಉದ್ದ ವೈರಿನಲ್ಲಿ ಶಾಪ. ತಳ್ಳಿದ್ದು ವೈರಿನ ತುದಿಗೆ ಬಡಿದು ವಾಪಸ್ ಬರುತ್ತದೆ, ಚಿಪ್ಪು ಅದನ್ನು ಹೊಸ ಸಿಗ್ನಲ್ ಅಂದುಕೊಳ್ಳುತ್ತದೆ. ನಿಮ್ಮ ಎಲ್‌ಸಿಡಿ ಪ್ಯಾನೆಲ್ ಬಾಗಿಲಲ್ಲಿದ್ದು, ವೈರು ಮೀಟರುಗಟ್ಟಲೆ ಇದ್ದರೆ ಐ2ಸಿಗೆ ಬಿಎಸ್‌ಎಸ್138 ಮಾಡ್ಯೂಲೇ ವಾಸಿ. 10ಕೆ ಮಾತ್ರ ಉದ್ದ ವೈರಿಗೆ ಸಾಲದು. 5 ವೋಲ್ಟ್ ಕಡೆ ಇನ್ನೊಂದು 4.7ಕೆ ಸೇರಿಸಿ, ಸ್ಪೀಡ್ 100 ಕಿಲೋಹರ್ಟ್ಸ್ ಮೀರಿಸಬೇಡಿ.

ವೋಲ್ಟೇಜ್ ಇಳಿದರೆ ಮಾತ್ರ ತೊಂದರೆ ಅಂತಲೂ ಇಲ್ಲ. ತುಂಬಾ ಹಿಂದೆ ಒಂದು ಕಾರ್ಖಾನೆಗೆ ಬೋರ್ಡು ಮಾಡಿಕೊಟ್ಟಿದ್ದೆ. 3.3ರಿಂದ 5ಕ್ಕೆ ಏರಿಸೋಕೆ 74ಎಚ್‌ಸಿಟಿ ಚಿಪ್ಪು ಅಂತ ಬರೆದಿದ್ದೆ. ಬೆಂಗಳೂರಿನ ಎಸ್‌.ಪಿ. ರೋಡಿನಿಂದ ತಂದ ಹುಡುಗ 74ಎಚ್‌ಸಿ ತಂದ. ಒಂದು ಟಿ ಇಲ್ಲ, ನನ್ನ ಕಣ್ಣಿಗೂ ಬೀಳಲಿಲ್ಲ. ಎಚ್‌ಸಿಟಿಗೆ 2 ವೋಲ್ಟ್ ಬಂದರೆ ಒಂದು ಅಂತ ಲೆಕ್ಕ. ಎಚ್‌ಸಿಗೆ ಗ್ಯಾರಂಟಿ ಬೇಕಾದರೆ ಸಪ್ಲೈಯ 70 ಪರ್ಸೆಂಟ್, ಅಂದರೆ 5ಕ್ಕೆ 3.5. ನನ್ನ 3.3 ಅಲ್ಲಿಗೆ ಮುಟ್ಟುವುದೇ ಇಲ್ಲ. ಆದರೂ ಬೆಂಚಿನ ಮೇಲೆ ಓಡಿತು, ಯಾಕೆಂದರೆ ನಿಜವಾದ ಗೆರೆ ಎರಡೂವರೆ ವೋಲ್ಟಿನ ಹತ್ತಿರ ಇರುತ್ತದೆ. ಸೈಟಿನಲ್ಲಿ ಸಪ್ಲೈ 5.3 ಇತ್ತು, ಗ್ರೌಂಡ್ ವೈರಿನಲ್ಲಿ ಮೋಟರುಗಳ ಗದ್ದಲ ಬೇರೆ. ದಿನಕ್ಕೆ ಎರಡು ಸಲ, ಊಟದ ಬೆಲ್ ಆದ ಮೇಲೆ ಮಷಿನ್‌ಗಳು ಏಳುವಾಗ ಮಾತ್ರ ತಪ್ಪುತ್ತಿತ್ತು. ಮೂರು ದಿನ ಸಾಫ್ಟ್‌ವೇರ್ ಬೈದುಕೊಂಡು ಕೂತಿದ್ದೆ.

ಇದರ ಜೊತೆಗೇ ಒಂದು ಮಾತು. ಇಎಸ್‌ಪಿ32 ಪಿನ್ನುಗಳು 5 ವೋಲ್ಟ್ ತಡೆಯುತ್ತವೆ, ಶಿಫ್ಟರೇ ಬೇಡ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಕೆಲವರದು ಓಡಿರಬಹುದು. ಡೇಟಾಶೀಟ್ ಹಾಗೆ ಹೇಳುವುದಿಲ್ಲ.

ಹಾಗಾದರೆ ಏನು ಮಾಡಬೇಕು? ನಿಮ್ಮ ಜಾಗದಲ್ಲಿ ನಾನಿದ್ದರೆ 3.3 ಮತ್ತು 5ರ ನಡುವೆ ದಾಟುವ ವೈರುಗಳನ್ನೇ ಕಮ್ಮಿ ಮಾಡುತ್ತಿದ್ದೆ. ನಿಮ್ಮಲ್ಲಿ ಏಳು ವೈರುಗಳಿವೆ. ಎರಡು ರಿಲೇಗೆ, ಎರಡು ಐ2ಸಿಗೆ, ಮೂರು ಆರ್‌ಎಸ್485ಗೆ. ಆರ್‌ಎಸ್485 ಬೋರ್ಡಿನ ಮ್ಯಾಕ್ಸ್485 ಚಿಪ್ಪಿನ ಬದಲು ಮ್ಯಾಕ್ಸ್3485 ಹಾಕಿ, ಅದು 3.3ರಲ್ಲೇ ಓಡುತ್ತದೆ, ಆ ತುದಿಯ 5 ವೋಲ್ಟ್ ಸೆನ್ಸರಿನ ಜೊತೆ ಮಾತಾಡೋಕೆ ತೊಂದರೆ ಇಲ್ಲ. ಮೂರು ವೈರು ಹೋದವು. ಆಪ್ಟೋ ಬೋರ್ಡಿನ ಬದಲು ಬಿಡಿ ರಿಲೇ ತಂದು ಯುಎಲ್‌ಎನ್2003 ಅನ್ನುವ ಡ್ರೈವರ್ ಚಿಪ್ಪಿನ ಮೂಲಕ ಎಳೆಯಿರಿ. 3.3 ಕೊಟ್ಟರೆ 70 ಮಿಲಿಆಂಪ್ ಕಾಯಿಲ್ಲನ್ನು ಆರಾಮಾಗಿ ಎಳೆಯುತ್ತದೆ. ಅದಕ್ಕೆ ಸಪ್ಲೈ ಪಿನ್ನೇ ಇಲ್ಲ, ಹಾಗಾಗಿ ಕದ್ದು ತಿನ್ನುವ ಪ್ರಶ್ನೆ ಬರುವುದಿಲ್ಲ. ಇಎಸ್‌ಪಿ32 ರೀಸೆಟ್ ಆಗಿ ಪಿನ್ನು ಗಾಳಿಯಲ್ಲಿದ್ದಾಗ ರಿಲೇ ತಾನೇ ಆಫ್ ಇರುತ್ತದೆ. ಆಪ್ಟೋ ಹೋದರೆ ಐಸೊಲೇಶನ್, ಅಂದರೆ ಎರಡು ಕಡೆಯೂ ವೈರಿನ ಸಂಬಂಧವಿಲ್ಲದೆ ಬೇರೆ ಇರುವುದು ಹೋಗುತ್ತದಲ್ಲ ಅನ್ನುತ್ತೀರಾ? ರಿಲೇ ಬೋರ್ಡಿನ ಜಂಪರ್ ಹಾಕಿಕೊಂಡು ಎಲ್ಲಕ್ಕೂ ಒಂದೇ 5 ವೋಲ್ಟ್ ಕೊಟ್ಟಿದ್ದರೆ ಐಸೊಲೇಶನ್ ಮೊದಲೂ ಇರಲಿಲ್ಲ. ಉಳಿದದ್ದು ಎಲ್‌ಸಿಡಿಯ ಎರಡು ವೈರು. 3.3ರ ಓಎಲ್‌ಇಡಿ ಹಾಕಿದರೆ ಅದೂ ಹೋಯಿತು. ಬಿಸಿಲಲ್ಲಿ ಓಎಲ್‌ಇಡಿ ಸರಿಯಾಗಿ ಕಾಣುವುದಿಲ್ಲ, ಅದೊಂದು ಕೊರತೆ.

ಇದ್ದ ಬೋರ್ಡುಗಳನ್ನೇ ಉಳಿಸಿಕೊಳ್ಳಬೇಕಾದರೆ ಬ್ಯಾಟರಿಯನ್ನು ಎರಡೂ ಕಡೆಗೂ ಕೊಡಿ. ವೈಫೈ ರೂಟರಿಗೆ ಹಾಕುವ 12 ವೋಲ್ಟ್ ಮಿನಿ ಯುಪಿಎಸ್ ತಂದು, ವೋಲ್ಟೇಜ್ ಇಳಿಸುವ ಒಂದು ಬಕ್ ಕನ್ವರ್ಟರಿನಿಂದ 5 ಮಾಡಿಕೊಳ್ಳಿ, ಆ 5ರಿಂದಲೇ ಇಎಸ್‌ಪಿ32 ನಡೆಯಲಿ. ಆಗ ಎರಡೂ ಒಟ್ಟಿಗೆ ಬದುಕುತ್ತವೆ, ಬ್ಯಾಟರಿ ಖಾಲಿಯಾದರೆ ಒಟ್ಟಿಗೆ ಮಲಗುತ್ತವೆ. ಪವರ್ ಬ್ಯಾಂಕ್ ಬೇಡ. ಚಾರ್ಜರ್ ಬಂದಾಗ ಹೋದಾಗ ಬಹಳಷ್ಟು ಪವರ್ ಬ್ಯಾಂಕುಗಳ ಔಟ್‌ಪುಟ್ ಒಂದು ಕ್ಷಣ ಕಡಿಯುತ್ತದೆ, ಲೋಡ್ ಕಮ್ಮಿ ಇದ್ದರೆ ತಾವೇ ಆಫ್ ಆಗಿಬಿಡುತ್ತವೆ.

ಇವತ್ತೇ, ಒಂದೆರಡು ರೆಸಿಸ್ಟರ್ ಬಿಟ್ಟು ಬೇರೇನೂ ಕೊಳ್ಳದೆ ಮಾಡಬಹುದಾದದ್ದೂ ಇದೆ. 5 ವೋಲ್ಟ್ ಲೈನಿನಿಂದ 22ಕೆ ಮತ್ತು 10ಕೆ ರೆಸಿಸ್ಟರುಗಳ ಡಿವೈಡರ್ (ವೋಲ್ಟೇಜ್ ಹಂಚಿ ಇಳಿಸುವ ಜೋಡಿ) ಹಾಕಿ ಇಎಸ್‌ಪಿ32ರ ಒಂದು ಅನಲಾಗ್ ಪಿನ್ನಿಗೆ ಕೊಡಿ. 32ರಿಂದ 39ರ ತನಕದ ಪಿನ್ನು ಆರಿಸಿಕೊಳ್ಳಿ, ಅನಲಾಗ್ ಓದುವ ಉಳಿದ ಪಿನ್ನುಗಳು ವೈಫೈ ನಡೆಯುವಾಗ ಓದಿಸುವುದಿಲ್ಲ. 5 ವೋಲ್ಟಿಗೆ ಅಲ್ಲಿ ಸುಮಾರು 1.56 ಬರುತ್ತದೆ. ಮಿಲಿಸೆಕೆಂಡಿಗೊಮ್ಮೆ ಓದಿ, ಅತಿ ಕಮ್ಮಿ ಎಷ್ಟಾಯಿತು ಅಂತ ಬರೆದಿಟ್ಟುಕೊಳ್ಳಿ. ಮೀಟರಿನ ಕಣ್ಣಿಗೆ ಬೀಳದ ಕುಸಿತ ಇದರಲ್ಲಿ ಸಿಗುತ್ತದೆ. 5 ವೋಲ್ಟ್ ಲೈನು 4.4ಕ್ಕಿಂತ ಕೆಳಗೆ ಹೋದರೆ ಪ್ರೋಗ್ರಾಮ್ ಮೊದಲು ರಿಲೇ ಬಿಡಲಿ, ಆಮೇಲೆ ಶಿಫ್ಟರಿಗೆ ಹೋಗುವ ಎಲ್ಲ ಪಿನ್ನುಗಳನ್ನೂ ಇನ್‌ಪುಟ್ ಮಾಡಲಿ. 5 ವಾಪಸ್ ಬಂದು ಅರ್ಧ ಸೆಕೆಂಡ್ ನಿಂತ ಮೇಲೆ ಎಸ್‌ಸಿಎಲ್ ವೈರಿನಲ್ಲಿ (ಐ2ಸಿಯ ಕ್ಲಾಕ್ ವೈರು) ಒಂಬತ್ತು ಕ್ಲಾಕ್ ಕೊಡಿ, ಹಿಡಿದುಕೊಂಡ ಚಿಪ್ಪು ಎಸ್‌ಡಿಎ ಬಿಡುತ್ತದೆ. ಆಮೇಲೆ ಎಲ್‌ಸಿಡಿ ಇನಿಶಿಯಲೈಸ್. ಪಿನ್ನು ಇನ್‌ಪುಟ್ ಆದರೂ ಮಾಡ್ಯೂಲಿನ 10ಕೆಗಳ ಮೂಲಕ ಸ್ವಲ್ಪ ಸೋರುತ್ತಲೇ ಇರುತ್ತದೆ, ಏಳೂ ಸೇರಿ ಒಂದೂವರೆ ಮಿಲಿಆಂಪ್. ಅದಕ್ಕೆ 5 ವೋಲ್ಟ್ ಮತ್ತು ಗ್ರೌಂಡ್ ನಡುವೆ ಒಂದು 470 ಓಮ್ ಕಾಲು ವ್ಯಾಟ್ ರೆಸಿಸ್ಟರ್ ಹಾಕಿ. ಸೋರಿದ್ದನ್ನು ಕುಡಿದು ಲೈನನ್ನು 1 ವೋಲ್ಟಿನ ಕೆಳಗೆ ಇಡುತ್ತದೆ.

ಒಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ನಮ್ಮ ಕಡೆಯ ತ್ರೀ ಫೇಸ್ ಸ್ಟಾರ್ಟರುಗಳಲ್ಲಿ ಬಹಳಷ್ಟರ ಕಾಯಿಲ್ 415 ವೋಲ್ಟಿನದು. ನಿಮ್ಮ ನೀಲಿ ರಿಲೇ ಮೇಲೆ ಓದಿ, 250 ವೋಲ್ಟ್ ಎಸಿ ಅಂತ ಇರುತ್ತದೆ. 415ರ ಕಾಯಿಲ್ಲನ್ನು ಅದರಲ್ಲಿ ನೇರ ಕಡಿಯುತ್ತಿದ್ದರೆ ಒಂದು ದಿನ ಪಾಯಿಂಟ್ ಅಂಟಿಕೊಂಡು ಮೋಟರ್ ನಿಲ್ಲುವುದೇ ಇಲ್ಲ. ಮಧ್ಯೆ 415 ತಡೆಯುವ ಒಂದು ಸಹಾಯಕ ಕಾಂಟ್ಯಾಕ್ಟರ್ ಹಾಕಿಸಿ, ಅದರ ಕಾಯಿಲ್ 230ರದ್ದಿರಲಿ. ಕಾಯಿಲ್ ಕಡಿಯುವಾಗಿನ ಕಿಡಿ ನಿಮ್ಮ ಐ2ಸಿ ವೈರಿಗೂ ಕಾಟ ಕೊಡುತ್ತದೆ. 100 ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಸ್ನಬರ್ (ಆ ಕಿಡಿ ತಣಿಸುವ ಜೋಡಿ) ಕಾಯಿಲ್ ಮೇಲೇ ಹಾಕಿಸಿ. 415ರ ಕಾಯಿಲ್ ಆದರೆ 275 ಮಾರ್ಕಿನ ಕೆಪಾಸಿಟರ್ ಸಾಲದು, 440 ಎಸಿ ಅಂತ ಇರುವುದೇ ಬೇಕು. ಈ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಮಾಡಲಿ. ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡ ಮೇಲೆ.

ಎಲ್ಲ ಆದ ಮೇಲೆ ಮೋಟರ್ ವೈರು ಬಿಚ್ಚಿಟ್ಟು ಪರೀಕ್ಷೆ ಮಾಡಿ. ಅಡಾಪ್ಟರಿನ ಪ್ಲಗ್ಗನ್ನು ಇಪ್ಪತ್ತು ಸಲ ಕಿತ್ತು ಹಾಕಿ. ಒಮ್ಮೆ ಬೇಗ, ಒಮ್ಮೆ ನಿಧಾನ, ಒಮ್ಮೆ ಸಡಿಲವಾಗಿ ಅಲ್ಲಾಡಿಸುತ್ತಾ. ಇದ್ದ ಬೋರ್ಡುಗಳನ್ನೇ ಉಳಿಸಿಕೊಂಡು, ಯುಪಿಎಸ್ ಹಾಕದೆ ಇದ್ದರೆ, ಕಿತ್ತ ಪ್ರತಿ ಸಲವೂ ಆ ಕೆಂಪು ಲೈಟು ಪೂರ್ತಿ ಆರಬೇಕು. ಯುಪಿಎಸ್ ಹಾಕಿದ್ದರೆ ಒಂದು ಸಲವೂ ಕಣ್ಣು ಮಿಟುಕಿಸಬಾರದು. ಮಧ್ಯದ ಮಂಕು ಬೆಳಕು ಮತ್ತೆ ಕಂಡರೆ ಎಲ್ಲೋ ಒಂದು ವೈರು ಇನ್ನೂ ಕದ್ದು ಊಟ ಹಾಕುತ್ತಿದೆ. ಡೇಟಾ ವೈರುಗಳನ್ನು ಒಂದೊಂದಾಗಿ ಬಿಚ್ಚುತ್ತಾ ಹೋಗಿ. ಯಾವುದನ್ನು ಬಿಚ್ಚಿದಾಗ ಲೈಟು ಆರುತ್ತದೋ ಆ ವೈರಿನ ನಂಬರ್ ಬರೆದು ಕಳಿಸಿ.